ಮಾಡ್ಯೂಲ್ ಸ್ಥಾಪನೆ: ಹಲವು ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಪರ್ಲ್ ಮತ್ತು ಪೈಥಾನ್

ಮುಕ್ತ ತಂತ್ರಾಂಶದ ಲೋಕದಲ್ಲಿ ಒಬ್ಬರು ಬರೆದು ಹಂಚಿದ ಮಾಡ್ಯೂಲನ್ನು ಇನ್ನೊಬ್ಬರು ಇಳಿಸಿಕೊಂಡು, ತಮ್ಮ ಕಂಪ್ಯೂಟರಿನ ಕಾರ್ಯಾಚರಣಾ ವ್ಯವಸ್ಥೆ, ಕಂಪೈಲರ್ ಮತ್ತು ಲೈಬ್ರರಿಗಳಿಗೆ ಹೊಂದಿಸಿ ಬಳಕೆಗೆ ಅಣಿಮಾಡುವ ಕ್ರಿಯೆಗೆ ಮಾಡ್ಯೂಲ್ ಸ್ಥಾಪನೆ ಎನ್ನುತ್ತಾರೆ. ಆಡುಮಾತಿನಲ್ಲಿ ಇದು ಬರೀ ‘ಇನ್‌ಸ್ಟಾಲ್ ಮಾಡುವುದು’. ಬಳಸುವವರಿಗೆ ಒಂದು ಸಾಲಿನ ಆಜ್ಞೆ. ಬರೆದವರಿಗೆ ಮಾತ್ರ ತಾವು ಕಂಡಿಲ್ಲದ, ಕಾಣುವ ಸಂಭವವೂ ಇಲ್ಲದ ಸಾವಿರಾರು ಯಂತ್ರಗಳಲ್ಲಿ ತಮ್ಮ ಸಂಕೇತ ನಡೆಯುತ್ತದೆಯೇ ಎಂಬ ಪ್ರಶ್ನೆ.

ಮೊಬೈಲ್ ಆ್ಯಪ್ ಅಥವಾ ಕಚೇರಿಯ ತಂತ್ರಾಂಶದ ಸ್ಥಾಪನೆಗೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ತಯಾರಕರು ಪ್ರತಿ ವೇದಿಕೆಗೂ ಬೇರೆ ಬೇರೆ ಸಿದ್ಧ ಪ್ರತಿ ಮಾಡಿ ಕೊಡುತ್ತಾರೆ. ಮಾಡ್ಯೂಲ್ ಬಹುಕಾಲ ಆಕರ ಸಂಕೇತದ ರೂಪದಲ್ಲೇ, ಅಂದರೆ ಸೋರ್ಸ್ ಕೋಡ್ ಆಗಿಯೇ ಬಂದು ತಲುಪುತ್ತಿತ್ತು. ಅದನ್ನು ಕಟ್ಟುವ ಕೆಲಸ ಬಳಕೆದಾರರ ಯಂತ್ರದಲ್ಲಿ ನಡೆಯಬೇಕಿತ್ತು. ಜೊತೆಗೆ ಒಂದು ಮಾಡ್ಯೂಲ್ ಬೇಕೆಂದರೆ ಅದು ಅವಲಂಬಿಸಿದ ಹತ್ತು, ಆ ಹತ್ತು ಅವಲಂಬಿಸಿದ ನಲವತ್ತು ಹಿಂಬಾಲಿಸುತ್ತವೆ. ಸರಪಳಿಯ ಒಂದು ಕೊಂಡಿ ಕಳಚಿದರೂ ಇಡೀ ಸ್ಥಾಪನೆ ನಿಲ್ಲುತ್ತದೆ. ಈ ಸಮಸ್ಯೆಯ ಜೊತೆ ಅತ್ಯಂತ ದೀರ್ಘಕಾಲ ಬಹಿರಂಗವಾಗಿ ಗುದ್ದಾಡಿದ ಭಾಷೆ ಪರ್ಲ್. ಹಾಗಾಗಿ ಈ ಲೇಖನದ ಬಹುಪಾಲು ಪರ್ಲ್ ಮತ್ತು ಅದರ ಮಾಡ್ಯೂಲ್ ಭಂಡಾರವಾದ ಸಿಪ್ಯಾನ್ ಕುರಿತಾದದ್ದು. ಆ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಸ್ಥಾಪಿಸುವ ಉಪಕರಣ ಎಷ್ಟೇ ಜಾಣವಾದರೂ ಅದೊಂದರಿಂದ ಭರವಸೆ ಹುಟ್ಟಲಿಲ್ಲ. ಹೊರಗಿನವರು ತಮ್ಮ ಯಂತ್ರಗಳಲ್ಲಿ ಓಡಿಸಿ ಕಳಿಸಿದ ವರದಿಗಳು ಸೇರಿದ ಮೇಲಷ್ಟೇ ಅದು ಬಂತು.

ಹಿನ್ನೆಲೆ

1980ರ ದಶಕದಲ್ಲಿ ಯುನಿಕ್ಸ್ ಎಂಬುದು ಒಂದು ಹೆಸರು, ಹಲವು ವ್ಯವಸ್ಥೆ. ಸನ್, ಡಿಜಿಟಲ್, ಎಚ್‌ಪಿ, ಐಬಿಎಂ ಕಂಪನಿಗಳ ಯುನಿಕ್ಸ್‌ಗಳು ಒಂದೇ ಮೂಲದ್ದಾದರೂ ಶಿರೋಕಡತಗಳ (ಹೆಡರ್ ಫೈಲ್‌ಗಳ) ಜಾಗ, ಸಿಸ್ಟಂ ಕರೆಗಳ ನಡತೆ, ಕಂಪೈಲರಿನ ಸ್ವಭಾವ ಒಂದೊಂದರಲ್ಲೂ ಬೇರೆ. ಲ್ಯಾರಿ ವಾಲ್ ಪರ್ಲ್‌ಗೂ ಮುಂಚೆ ‘ಆರ್‌ಎನ್’ ಎಂಬ ಸುದ್ದಿ ಓದುವ ತಂತ್ರಾಂಶ ಬರೆದಾಗ ಅದರ ಜೊತೆ ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟನ್ನೂ ಕೊಟ್ಟಿದ್ದರು. ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ಪುಟ್ಟ ಪುಟ್ಟ ಪ್ರಯೋಗಗಳಿಂದ ಪತ್ತೆಹಚ್ಚಿ, ಸಿಕ್ಕ ಉತ್ತರಗಳನ್ನು ಬರೆದಿಡುವ ಸ್ಕ್ರಿಪ್ಟ್ ಅದು. 1987ರ ಡಿಸೆಂಬರ್ 18ರಂದು ಹೊರಬಂದ ಪರ್ಲ್ 1.0 ಕೂಡ ಇದೇ ಕ್ರಮವನ್ನು ಅನುಸರಿಸಿತು. ಗ್ನೂ ಯೋಜನೆಯಲ್ಲಿ ಡೇವಿಡ್ ಮೆಕೆಂಝಿ 1991ರಲ್ಲಿ ಆರಂಭಿಸಿದ ಆಟೋಕಾನ್ಫ್ ಇದೇ ಬಗೆಯ ಪತ್ತೆಕೆಲಸವನ್ನು ಸಿ ಭಾಷೆಯ ತಂತ್ರಾಂಶಗಳಿಗೆಲ್ಲ ಒದಗಿಸಿತು.

1994ರ ಅಕ್ಟೋಬರಿನಲ್ಲಿ ಬಂದ ಪರ್ಲ್ 5ರೊಂದಿಗೆ ಮಾಡ್ಯೂಲ್ ವ್ಯವಸ್ಥೆ ಬಂತು. ಮರುವರ್ಷದ ಅಕ್ಟೋಬರಿನಲ್ಲಿ ಯಾರ್ಕೊ ಹಿಯೆಟಾನಿಯೆಮಿ ಸಿಪ್ಯಾನ್ ಭಂಡಾರವನ್ನು ಪ್ರಕಟಿಸಿದರು. ಅದರ ಮೂಲ ಪ್ರತಿ ಇದ್ದದ್ದು ಫಿನ್ಲೆಂಡಿನ ವಿಶ್ವವಿದ್ಯಾಲಯಗಳ ಜಾಲವಾದ ಫುನೆಟ್‌ನಲ್ಲಿ. ಮಾದರಿ, ಟೆಕ್ ಅಕ್ಷರಜೋಡಣೆಗಾಗಿ ಅದಕ್ಕೂ ಮೊದಲೇ ಇದ್ದ ಸಿಟ್ಯಾನ್. ಮಾಡ್ಯೂಲ್ ಏರಿಸುವ ‘ಪಾಝ್’ ವ್ಯವಸ್ಥೆಯನ್ನೂ ಇಳಿಸಿ ಸ್ಥಾಪಿಸುವ ಮೊದಲ ಉಪಕರಣವನ್ನೂ ಕಟ್ಟಿದವರು ಆಂಡ್ರಿಯಾಸ್ ಕೋನಿಗ್. ಇಂದು ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಾಡ್ಯೂಲುಗಳಿವೆ.

ಸ್ಥಾಪನೆಯ ಹಂತಗಳು

ಪರ್ಲ್ ಮಾಡ್ಯೂಲಿನ ಸ್ಥಾಪನೆ ನಾಲ್ಕು ಮೆಟ್ಟಿಲಿನದು. ಮೊದಲು ಲೇಖಕರು ಬರೆದ ‘ಮೇಕ್‌ಫೈಲ್.ಪಿಎಲ್’ ಎಂಬ ಪರ್ಲ್ ಕಡತ ಓಡುತ್ತದೆ. ಅದು ಯಂತ್ರವನ್ನು ಪರಿಶೀಲಿಸಿ ಆ ಯಂತ್ರಕ್ಕೆ ತಕ್ಕ ಮೇಕ್‌ಫೈಲ್ ಹುಟ್ಟಿಸುತ್ತದೆ. ಆಮೇಲೆ ‘ಮೇಕ್’ ಅದನ್ನು ಓದಿ ಕಟ್ಟುತ್ತದೆ, ‘ಮೇಕ್ ಟೆಸ್ಟ್’ ಪರೀಕ್ಷೆಗಳನ್ನು ಓಡಿಸುತ್ತದೆ, ‘ಮೇಕ್ ಇನ್‌ಸ್ಟಾಲ್’ ಕಡತಗಳನ್ನು ಅವುಗಳ ಜಾಗಕ್ಕೆ ಸೇರಿಸುತ್ತದೆ. ಹಿಂದೆ ನಿಂತು ಇದನ್ನೆಲ್ಲ ನಡೆಸುವುದು ‘ಎಕ್ಸ್‌ಟ್ಯುಟಿಲ್ಸ್ ಮೇಕ್‌ಮೇಕರ್’. ಪರ್ಲನ್ನು ಕಟ್ಟಿದಾಗ ಬಳಸಿದ ಕಂಪೈಲರ್ ಯಾವುದು, ಅದಕ್ಕೆ ಕೊಟ್ಟ ಆಯ್ಕೆಗಳೇನು ಎಂಬುದೆಲ್ಲ ಪರ್ಲ್‌ನ ಒಳಗೇ ದಾಖಲಾಗಿರುವುದರಿಂದ ಮೇಕ್‌ಮೇಕರ್ ಅದನ್ನೇ ಮಾಡ್ಯೂಲಿಗೂ ಅನ್ವಯಿಸುತ್ತದೆ.

ಸ್ಥಾಪನೆಗೆ ಮುಂಚೆ ಪರೀಕ್ಷೆ ಎಂಬ ಕ್ರಮವನ್ನು ಪರ್ಲ್ ಲೋಕ ಬಹಳ ಬೇಗ ಅಭ್ಯಾಸ ಮಾಡಿಕೊಂಡಿತು. ಪರೀಕ್ಷೆಯ ಫಲಿತವನ್ನು ‘ಓಕೆ 1’, ‘ನಾಟ್ ಓಕೆ 2’ ಎಂದು ಸಾಲುಸಾಲಾಗಿ ಹೇಳುವ ಸರಳ ಪದ್ಧತಿ 1987ರ ಮೊದಲ ಪರ್ಲ್‌ನಲ್ಲೇ ಇತ್ತು. ಈಗ ಅದಕ್ಕೆ ಟ್ಯಾಪ್ ಎಂಬ ಹೆಸರಿದೆ, ಬೇರೆ ಭಾಷೆಗಳೂ ಬಳಸುತ್ತವೆ. ಬಳಕೆದಾರರ ಯಂತ್ರದಲ್ಲಿ, ಅವರ ಕಣ್ಣೆದುರಿಗೇ ಪರೀಕ್ಷೆ ಓಡಿ, ಸೋತರೆ ಸ್ಥಾಪನೆ ಅಲ್ಲಿಗೇ ನಿಲ್ಲುವುದು ಸಿಪ್ಯಾನ್‌ನ ರೂಢಿ. ಪೈಥಾನಿನ ಸ್ಥಾಪಕ ಪಿಪ್ ಆಗಲಿ, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಎನ್‌ಪಿಎಂ ಆಗಲಿ ಹೀಗೆ ಮಾಡುವುದಿಲ್ಲ. ಕಾಯುವ ಸಮಯ ಹೆಚ್ಚೆಂಬ ದೂರು ನಿಜವೇ ಆದರೂ ಸಿಪ್ಯಾನ್‌ನ ರೂಢಿಯೇ ಹೆಚ್ಚು ಪ್ರಾಮಾಣಿಕವಾದದ್ದು.

ಈ ವಿಧಾನದ ದೌರ್ಬಲ್ಯ ಇದ್ದದ್ದು ‘ಮೇಕ್’ ಎಂಬ ಉಪಕರಣದ ಮೇಲಿನ ಅವಲಂಬನೆಯಲ್ಲಿ. ಯುನಿಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ, ವಿಂಡೋಸ್‌ನಲ್ಲಿ ಇರುವುದಿಲ್ಲ. ಇರುವಲ್ಲೂ ಬಿಎಸ್‌ಡಿ ಮೇಕ್, ಗ್ನೂ ಮೇಕ್, ಮೈಕ್ರೋಸಾಫ್ಟಿನ ಎನ್‌ಮೇಕ್ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಒಂದು ಪರ್ಲ್ ಪ್ರೋಗ್ರಾಂ, ಶೆಲ್ ಆಜ್ಞೆಗಳನ್ನು ಒಳಗೊಂಡ ಮೇಕ್‌ಫೈಲನ್ನು ಬರೆದು, ಆ ಮೇಕ್‌ಫೈಲ್ ಮತ್ತೆ ಪರ್ಲನ್ನೇ ಕರೆಯುವ ಈ ಸುತ್ತುಬಳಸು ನೋಡಿ ಕೆನ್ ವಿಲಿಯಮ್ಸ್ ಮೇಕ್ ಬೇಡವೇ ಬೇಡ, ಎಲ್ಲವೂ ಪರ್ಲ್‌ನಲ್ಲೇ ಇರಲಿ ಎಂದು ‘ಮಾಡ್ಯೂಲ್ ಬಿಲ್ಡ್’ ರಚಿಸಿದರು. ವಿಚಾರ ಚೊಕ್ಕವಾಗಿತ್ತು. ಆದರೆ ಮಾಡ್ಯೂಲ್ ಬಿಲ್ಡ್ ಕೂಡ ಒಂದು ಮಾಡ್ಯೂಲೇ. ಅದಿಲ್ಲದ ಯಂತ್ರದಲ್ಲಿ ಅದನ್ನು ಬೇಡುವ ಮಾಡ್ಯೂಲನ್ನು ಸ್ಥಾಪಿಸುವುದು ಹೇಗೆ? ಬೀಜವೃಕ್ಷ ನ್ಯಾಯದ ಈ ತೊಡಕು ಬಗೆಹರಿದದ್ದು ಮಾಡ್ಯೂಲಿನ ವಿವರಕಡತದಲ್ಲಿ ‘ಕಾನ್ಫಿಗರ್ ರಿಕ್ವೈರ್ಸ್’ ಎಂಬ ನಮೂದು ಸೇರಿದ ಮೇಲೆ. ಕಟ್ಟಲು ತೊಡಗುವ ಮುಂಚೆಯೇ ಏನೇನು ಇರಬೇಕು ಎಂಬುದನ್ನು ಸ್ಥಾಪಕ ಅಲ್ಲಿ ಓದಿಕೊಳ್ಳುತ್ತದೆ. ಮಾಡ್ಯೂಲ್ ಬಿಲ್ಡ್ 2007ರ ಪರ್ಲ್ 5.10ರಲ್ಲಿ ಮೂಲ ವಿತರಣೆಗೆ ಸೇರಿತು, 2015ರ 5.22ರಲ್ಲಿ ಹೊರಬಿತ್ತು. ಸೋತಿತೆನ್ನಿಸಿದ್ದ ಮೇಕ್‌ಮೇಕರ್ ಇಂದಿಗೂ ಮೂಲ ವಿತರಣೆಯಲ್ಲಿದೆ.

ಅವಲಂಬನೆಗಳನ್ನು ಮೊದಲೇ ಬರೆದಿಡುವ ಈ ವಿವರಕಡತದ ಎರಡನೇ ನಿಯಮಾವಳಿ 2010ರಲ್ಲಿ ಬಂತು. ಕಟ್ಟಲು ಬೇಕಾದದ್ದು, ಪರೀಕ್ಷೆಗೆ ಬೇಕಾದದ್ದು, ಓಡಲು ಬೇಕಾದದ್ದು ಎಂದು ಅದು ವಿಂಗಡಿಸಿತು. ಅದೇ ವರ್ಷ ತತ್ಸುಹಿಕೊ ಮಿಯಾಗವಾ ಬರೆದ ಸಿಪ್ಯಾನ್‌ಮೈನಸ್ ಎಂಬ ಸ್ಥಾಪಕ ಬಂದು, ಪ್ರಶ್ನೆಗಳ ಸುರಿಮಳೆಯಿಲ್ಲದೆ ಸ್ಥಾಪಿಸುವುದು ಸಾಧ್ಯವಾಯಿತು.

ಎಡವುವ ಜಾಗಗಳು

ಬಹುವೇದಿಕೆಯ ತೊಂದರೆಗಳೆಂದರೆ ಘನವಾದ ಗಣಕವಿಜ್ಞಾನದ ಸಮಸ್ಯೆಗಳೆಂದು ಹೊರಗಿನವರು ಭಾವಿಸುವುದುಂಟು. ನಿಜದಲ್ಲಿ ಹೆಚ್ಚಿನವು ಒಂದು ಗೆರೆ, ಒಂದು ಉದ್ಧರಣ ಚಿಹ್ನೆ, ಒಂದು ಅಕ್ಷರದ ವಿಷಯ.

ಕಡತದ ಹಾದಿಯನ್ನೇ ನೋಡಿ. ಯುನಿಕ್ಸ್‌ನಲ್ಲಿ ಕೋಶಗಳ (ಫೋಲ್ಡರ್‌ಗಳ) ನಡುವೆ ಮುಂದಕ್ಕೆ ವಾಲಿದ ಗೆರೆ, ವಿಂಡೋಸ್‌ನಲ್ಲಿ ಹಿಂದಕ್ಕೆ ವಾಲಿದ ಗೆರೆ, ಹಳೆಯ ಮ್ಯಾಕ್‌ನಲ್ಲಿ ವಿವರಣ ಚಿಹ್ನೆ. ಡಿಜಿಟಲ್ ಕಂಪನಿಯ ವಿಎಂಎಸ್‌ನಲ್ಲಂತೂ ಕೋಶಗಳು ಚೌಕ ಆವರಣದೊಳಗೆ ಚುಕ್ಕಿಗಳಿಂದ ಬೇರೆಯಾಗಿ, ಕಡತದ ಹೆಸರಿನ ಕೊನೆಗೆ ಅರ್ಧವಿರಾಮ ಹಾಕಿ ಆವೃತ್ತಿ ಸಂಖ್ಯೆ ಬರುತ್ತಿತ್ತು. ಇವೆಲ್ಲವನ್ನೂ ಒಂದೇ ಮಾತಿನಲ್ಲಿ ಹೇಳಲು ಪರ್ಲ್‌ನಲ್ಲಿ ‘ಫೈಲ್ ಸ್ಪೆಕ್’ ಎಂಬ ಮಾಡ್ಯೂಲಿದೆ. ಆದರೂ ಲೇಖಕರು ಮರೆತು ಗೆರೆಯನ್ನು ನೇರವಾಗಿ ಬರೆದುಬಿಡುತ್ತಾರೆ. ವಿಂಡೋಸ್ ಹಲವೆಡೆ ಎರಡೂ ಗೆರೆಗಳನ್ನು ಒಪ್ಪಿಕೊಳ್ಳುವುದರಿಂದ ತಪ್ಪು ಬಹುಕಾಲ ಬೆಳಕಿಗೆ ಬರುವುದಿಲ್ಲ. ಎರಡು ಹಾದಿಗಳನ್ನು ಹೋಲಿಸುವ ಪರೀಕ್ಷೆ ಬಂದ ದಿನ ಸಿಕ್ಕಿಬೀಳುತ್ತದೆ.

ಯುನಿಕ್ಸ್ ಶೆಲ್ ಒಂಟಿ ಉದ್ಧರಣ ಚಿಹ್ನೆಯನ್ನು ಗೌರವಿಸುತ್ತದೆ, ವಿಂಡೋಸ್‌ನ ಸಿಎಂಡಿಗೆ ಅದು ಬರೀ ಒಂದು ಅಕ್ಷರ. ಆದ್ದರಿಂದ ಆಜ್ಞಾಸಾಲಿನಲ್ಲಿ ಪರ್ಲ್‌ನ ತುಣುಕನ್ನು ಓಡಿಸುವ ಪರೀಕ್ಷೆಗಳು ಲಿನಕ್ಸ್‌ನಲ್ಲಿ ಗೆದ್ದು ವಿಂಡೋಸ್‌ನಲ್ಲಿ ಸೋಲುತ್ತವೆ. ಯುನಿಕ್ಸ್‌ನಲ್ಲಿ ಮಾಡ್ಯೂಲಿನ ಕೈಪಿಡಿ ಪುಟದ ಕಡತಕ್ಕೆ ಜೋಡಿ ವಿವರಣ ಚಿಹ್ನೆ ಇರುವ ಹೆಸರು ಇಡುತ್ತಾರೆ. ವಿಂಡೋಸ್ ಆ ಚಿಹ್ನೆಯನ್ನು ಕಡತದ ಹೆಸರಿನಲ್ಲಿ ಬಿಡುವುದಿಲ್ಲವಾದ್ದರಿಂದ ಮೇಕ್‌ಮೇಕರ್ ಅಲ್ಲಿ ಚುಕ್ಕಿ ಹಾಕುತ್ತದೆ. ‘ಆಕ್ಸ್’, ‘ಕಾನ್’, ‘ಪಿಆರ್‌ಎನ್’ ಎಂಬ ಹೆಸರುಗಳು ಡಾಸ್ ಕಾಲದಿಂದ ಸಾಧನಗಳಿಗೆ ಮೀಸಲು. ಲಿನಕ್ಸ್ ಬಳಸುವವರು ಅಂಥ ಹೆಸರಿನ ಕಡತವನ್ನು ಮಾಡ್ಯೂಲಿನ ಕಟ್ಟಿನಲ್ಲಿ ಸೇರಿಸಿದರೆ ವಿಂಡೋಸ್‌ನಲ್ಲಿ ಅದನ್ನು ಬಿಚ್ಚುವಾಗಲೇ ತೊಡಕು. ಮ್ಯಾಕ್‌ನ ಕಡತವ್ಯವಸ್ಥೆ ಸಾಮಾನ್ಯವಾಗಿ ದೊಡ್ಡಕ್ಷರ ಸಣ್ಣಕ್ಷರ ಭೇದ ಎಣಿಸುವುದಿಲ್ಲ. ಬರೀ ಅಕ್ಷರಗಾತ್ರದಲ್ಲಿ ಭಿನ್ನವಾದ ಎರಡು ಕಡತಗಳಿದ್ದರೆ ಒಂದು ಇನ್ನೊಂದನ್ನು ನುಂಗುತ್ತದೆ.

ವಿಂಡೋಸ್‌ನ ಇನ್ನೆರಡು ಗುಣಗಳು ಸ್ಥಾಪಕಗಳಿಗೆ ತಲೆನೋವು. ತೆರೆದಿರುವ ಕಡತವನ್ನು ಯುನಿಕ್ಸ್ ಅಳಿಸಲು ಬಿಡುತ್ತದೆ, ವಿಂಡೋಸ್ ಬಿಡುವುದಿಲ್ಲ. ಓಡುತ್ತಿರುವ ಸ್ಥಾಪಕವೇ ಬಳಸುತ್ತಿರುವ ಡಿಎಲ್‌ಎಲ್‌ನ ಹೊಸ ಆವೃತ್ತಿ ಹಾಕುವುದು ಆ ಕಾರಣಕ್ಕೆ ಕಷ್ಟ. ಇನ್ನೊಂದು, ಹಾದಿಯ ಉದ್ದಕ್ಕೆ ಬಹುಕಾಲದಿಂದ ಇದ್ದ 260 ಅಕ್ಷರಗಳ ಮಿತಿ. ಇದರ ಪೆಟ್ಟು ಪರ್ಲ್‌ಗಿಂತ ನೋಡ್‌ಗೆ ಹೆಚ್ಚು ಬಿತ್ತು: ಎನ್‌ಪಿಎಂ ಪ್ರತಿ ಮಾಡ್ಯೂಲಿನೊಳಗೆ ಅದರ ಅವಲಂಬನೆಗಳನ್ನು ಕೋಶದೊಳಗೆ ಕೋಶವಾಗಿ ಇಡುತ್ತಿದ್ದುದರಿಂದ ಹಾದಿಗಳು ಮಿತಿ ಮೀರುತ್ತಿದ್ದವು. 2015ರ ಎನ್‌ಪಿಎಂ 3 ಆ ರಚನೆಯನ್ನು ಚಪ್ಪಟೆ ಮಾಡಿತು.

ಕನ್ನಡದ ಹೆಸರುಗಳು ಹಾದಿಯಲ್ಲಿ ಬಂದಾಗ ಎರಡು ವಿಶೇಷ ತೊಡಕುಗಳಿವೆ. ವಿಂಡೋಸ್‌ನ ಹಳೆಯ ಎಎನ್‌ಎಸ್‌ಐ ಕ್ರಮದಲ್ಲಿ ಪ್ರತಿ ಭಾಷಾವಲಯಕ್ಕೂ ಒಂದು ಸಂಕೇತಪಟ್ಟಿ ಇತ್ತು. ಕನ್ನಡಕ್ಕೆ ಅಂಥದ್ದೊಂದು ಇರಲೇ ಇಲ್ಲ, ನೇರವಾಗಿ ಯುನಿಕೋಡ್ ಬಂತು. ಪರ್ಲ್ ವಿಂಡೋಸ್‌ನಲ್ಲಿ ಕಡತ ತೆರೆಯಲು ಆ ಹಳೆಯ ಕ್ರಮದ ಕರೆಗಳನ್ನೇ ಬಳಸುತ್ತದೆ. ಬಳಕೆದಾರರು ತಮ್ಮ ಖಾತೆಗೆ ಕನ್ನಡ ಲಿಪಿಯಲ್ಲಿ ಹೆಸರಿಟ್ಟುಕೊಂಡರೆ ಅವರ ಮನೆಕೋಶದ ಹಾದಿ ಪರ್ಲ್‌ಗೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣಬಹುದು, ಅದರೊಳಗೆ ಕಟ್ಟಲು ಹೊರಟ ಮಾಡ್ಯೂಲ್ ಅಲ್ಲೇ ನಿಲ್ಲಬಹುದು. ಪೈಥಾನ್ 3.6ರಿಂದ ವಿಂಡೋಸ್‌ನಲ್ಲಿ ಕಡತದ ಹೆಸರುಗಳಿಗೆ ಯುಟಿಎಫ್-8 ಬಳಸುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಇನ್ನೊಂದು ತೊಡಕು ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆಯದು. ಅದು ಹೆಸರಿನ ಸಂಯುಕ್ತ ಚಿಹ್ನೆಗಳನ್ನು ಬಿಡಿಸಿ ಇಡುತ್ತಿತ್ತು. ‘ಕೋಶ’ ಎಂಬ ಹೆಸರಿನ ಓಕಾರ ಒಂದು ಸಂಕೇತಬಿಂದುವಾಗಿ ಒಳಹೋಗಿ, ಎತ್ವ, ಊಕಾರ ಚಿಹ್ನೆ ಮತ್ತು ದೀರ್ಘಚಿಹ್ನೆ ಎಂಬ ಮೂರಾಗಿ ಹೊರಬರುತ್ತಿತ್ತು. ಯುಟಿಎಫ್-8ರಲ್ಲಿ ಒಂಬತ್ತು ಬೈಟಿನ ಹೆಸರು ಹದಿನೈದು ಬೈಟಾದ ಮೇಲೆ, ಕಣ್ಣಿಗೆ ಎರಡೂ ಒಂದೇ ಆದರೂ, ಬೈಟುಗಳನ್ನು ಹೋಲಿಸುವ ಪರೀಕ್ಷೆ ಸೋಲಲೇಬೇಕು. ನಂತರ ಬಂದ ಎಪಿಎಫ್‌ಎಸ್ ಹೆಸರನ್ನು ಕೊಟ್ಟ ಹಾಗೆಯೇ ಉಳಿಸುತ್ತದೆ.

ಸಿ ಭಾಷೆಯ ಗಂಟು

ಶುದ್ಧ ಪರ್ಲ್‌ನಲ್ಲಿ ಬರೆದ ಮಾಡ್ಯೂಲ್ ಹೇಗೋ ಎಲ್ಲೆಡೆ ನಡೆಯುತ್ತದೆ. ಕಷ್ಟವಿರುವುದು ವೇಗಕ್ಕಾಗಿಯೋ ಹೊರಗಿನ ಲೈಬ್ರರಿ ಬಳಸಲೆಂದೋ ಸಿ ಭಾಷೆಯನ್ನು ಬೆಸೆದ ಮಾಡ್ಯೂಲುಗಳಲ್ಲಿ. ಪರ್ಲ್‌ನಲ್ಲಿ ಈ ಬೆಸುಗೆಗೆ ಎಕ್ಸ್‌ಎಸ್ ಎನ್ನುತ್ತಾರೆ. ಇದಕ್ಕೆ ಕಂಪೈಲರ್ ಬೇಕು, ಅದೂ ಪರ್ಲನ್ನು ಕಟ್ಟಿದ ಕಂಪೈಲರಿಗೆ ಹೊಂದುವಂಥದ್ದು. ಇದರ ಮೇಲೆ ಲೈಬ್ರರಿಯ ಜೊತೆಗೆ ಅದರ ಶಿರೋಕಡತಗಳೂ ಬೇಕು. ಡೆಬಿಯನ್, ಉಬುಂಟುಗಳಲ್ಲಿ ಲೈಬ್ರರಿ ಒಂದು ಪ್ಯಾಕೇಜಿನಲ್ಲಿ, ಶಿರೋಕಡತಗಳು ‘ಡೆವ್’ ಎಂದು ಕೊನೆಗೊಳ್ಳುವ ಇನ್ನೊಂದರಲ್ಲಿ ಇರುತ್ತವೆ. ಲೈಬ್ರರಿ ಕಣ್ಣೆದುರಿಗೇ ಇದ್ದರೂ ಮಾಡ್ಯೂಲ್ ಕಟ್ಟಿಕೊಳ್ಳದ ಒಗಟಿಗೆ ಸಾಮಾನ್ಯವಾಗಿ ಇದೇ ಉತ್ತರ.

ವಿಂಡೋಸ್ ಬಳಕೆದಾರರು ಮೊದಮೊದಲು ಆ್ಯಕ್ಟಿವ್‌ಸ್ಟೇಟ್ ಕಂಪನಿಯ ಆ್ಯಕ್ಟಿವ್‌ಪರ್ಲ್ ನೆಚ್ಚಿದ್ದರು. ಅದರ ಪಿಪಿಎಂ ಉಪಕರಣ ಕಂಪನಿ ಮೊದಲೇ ಕಟ್ಟಿಟ್ಟ ಮಾಡ್ಯೂಲುಗಳನ್ನು ಇಳಿಸುತ್ತಿತ್ತು. ಪಟ್ಟಿಯಲ್ಲಿ ಇದ್ದದ್ದು ಸಲೀಸು, ಇಲ್ಲದ್ದಕ್ಕೆ ದಾರಿಯಿಲ್ಲ. ಆಡಂ ಕೆನಡಿ 2000ರ ದಶಕದ ಉತ್ತರಾರ್ಧದಲ್ಲಿ ರೂಪಿಸಿದ ಸ್ಟ್ರಾಬೆರಿ ಪರ್ಲ್ ಬೇರೆ ದಾರಿ ಹಿಡಿಯಿತು: ಪರ್ಲ್ ಜೊತೆಗೇ ಮಿಂಗ್‌ಡಬ್ಲ್ಯೂ ಕಂಪೈಲರ್, ಒಂದು ಮೇಕ್ ಉಪಕರಣ, ಬಹಳ ಬೇಕಾಗುವ ಲೈಬ್ರರಿಗಳು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕೊಟ್ಟಿತು. ಯುನಿಕ್ಸ್‌ನಲ್ಲಿ ಇದ್ದಂತೆ ಇಲ್ಲಿಯೂ ಸಿಪ್ಯಾನ್‌ನಿಂದ ನೇರವಾಗಿ ಆಕರ ತಂದು ಕಟ್ಟಬಹುದಾಯಿತು. ಅದು ‘ಪ್ರೋಗ್ರಾಂ ಫೈಲ್ಸ್’ ಕೋಶಕ್ಕೆ ಹೋಗದೆ ಸಿ ಡ್ರೈವಿನ ಬುಡದಲ್ಲೇ ‘ಸ್ಟ್ರಾಬೆರಿ’ ಎಂಬ ಕೋಶದಲ್ಲಿ ಕೂರುತ್ತದೆ. ಹಾದಿಯಲ್ಲಿ ಖಾಲಿ ಜಾಗ ಬಂದರೆ ಎಷ್ಟು ಮೇಕ್‌ಫೈಲ್‌ಗಳು ಮುರಿಯುತ್ತವೆಂದು ಬಲ್ಲವರಿಗೆ ಕಾರಣ ಹೇಳಬೇಕಿಲ್ಲ.

2015ರಲ್ಲಿ ಮ್ಯಾಕ್ ಎಲ್ ಕ್ಯಾಪಿಟನ್ ಬಂದಾಗ ಆ್ಯಪಲ್ ಓಪನ್‌ಎಸ್‌ಎಸ್‌ಎಲ್‌ನ ಶಿರೋಕಡತಗಳನ್ನು ತೆಗೆದುಹಾಕಿತು. ಸುರಕ್ಷಿತ ಜಾಲಸಂಪರ್ಕಕ್ಕೆ ಆ ಲೈಬ್ರರಿಯನ್ನೇ ನೆಚ್ಚಿದ ಮಾಡ್ಯೂಲುಗಳು ಅಲ್ಲಿ ಕಟ್ಟಿಕೊಳ್ಳದಾದವು. ಹೋಂಬ್ರೂ ಎಂಬ ಪ್ಯಾಕೇಜ್ ಸ್ಥಾಪಕದಿಂದ ಲೈಬ್ರರಿ ತಂದು ಅದರ ಜಾಗವನ್ನು ಕೈಯಾರೆ ತೋರಿಸಬೇಕಾಯಿತು. 2020ರ ಕೊನೆಯಲ್ಲಿ ಆ್ಯಪಲ್ ತನ್ನದೇ ಚಿಪ್‌ಗಳಿಗೆ ಹೊರಳಿದಾಗ ಹೋಂಬ್ರೂನ ಜಾಗವೇ ಬದಲಾಗಿ, ಹಳೆಯ ಹಾದಿ ಬರೆದಿಟ್ಟಿದ್ದ ಸ್ಕ್ರಿಪ್ಟುಗಳು ಮತ್ತೊಮ್ಮೆ ಮುಗ್ಗರಿಸಿದವು.

ಇಂಥ ಸಂದರ್ಭಗಳಿಗೆಂದು ಪರ್ಲ್ ಸಮುದಾಯ ಕಂಡುಕೊಂಡ ಉಪಾಯಗಳಲ್ಲಿ ‘ಡೆವೆಲ್ ಚೆಕ್‌ಲಿಬ್’ ಸರಳವಾದದ್ದು. ಲೈಬ್ರರಿ ಇದೆಯೇ ಎಂದು ಮೊದಲ ಮೆಟ್ಟಿಲಲ್ಲೇ ಪರೀಕ್ಷಿಸಿ, ಇಲ್ಲವಾದರೆ ಅರ್ಥವಾಗುವ ಮಾತಿನಲ್ಲಿ ಹೇಳಿ ನಿಲ್ಲುತ್ತದೆ. ‘ಏಲಿಯನ್’ ಹೆಸರಿನ ಮಾಡ್ಯೂಲುಗಳು ಇನ್ನೂ ಮುಂದೆ ಹೋಗುತ್ತವೆ: ಯಂತ್ರದಲ್ಲಿ ಲೈಬ್ರರಿ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಅದರ ಆಕರವನ್ನು ತಾವೇ ತಂದು ಕಟ್ಟುತ್ತವೆ. ಹೀಗೆ ಸಿ ಲೈಬ್ರರಿಯೂ ಸಿಪ್ಯಾನ್‌ನ ಅವಲಂಬನೆಗಳಲ್ಲಿ ಒಂದಾಗಿ ಎಣಿಕೆಗೆ ಬರುತ್ತದೆ.

ಸಿಪ್ಯಾನ್ ಟೆಸ್ಟರ್ಸ್

1998ರಲ್ಲಿ ಗ್ರಹಾಂ ಬಾರ್ ಮತ್ತು ಕ್ರಿಸ್ ನ್ಯಾಂಡರ್ ಆರಂಭಿಸಿದ ಸಿಪ್ಯಾನ್ ಟೆಸ್ಟರ್ಸ್ ಈ ಕಥೆಯ ತಿರುಳು. ಯಾರಾದರೂ ಹೊಸ ಮಾಡ್ಯೂಲ್ ಏರಿಸಿದರೆ, ಜಗತ್ತಿನ ಬೇರೆ ಬೇರೆ ಕಡೆಯ ಸ್ವಯಂಸೇವಕರ ಯಂತ್ರಗಳು ಅದನ್ನು ತಾವಾಗಿಯೇ ಇಳಿಸಿ, ಕಟ್ಟಿ, ಪರೀಕ್ಷಿಸಿ ಫಲಿತಾಂಶ ಕಳಿಸುತ್ತವೆ. ಲಿನಕ್ಸ್, ಫ್ರೀಬಿಎಸ್‌ಡಿ, ವಿಂಡೋಸ್, ಸೋಲಾರಿಸ್ ಹೀಗೆ ವೇದಿಕೆಗಳು ಬೇರೆ. ಒಂದೊಂದರಲ್ಲೂ ಪರ್ಲ್‌ನ ಹಲವು ಆವೃತ್ತಿಗಳು. ಥ್ರೆಡ್ ಇರುವ ಪರ್ಲ್, ಇಲ್ಲದ ಪರ್ಲ್. ಲೇಖಕರು ಕೇಳಿಕೊಳ್ಳಬೇಕಿಲ್ಲ, ಹಣ ಕೊಡಬೇಕಿಲ್ಲ. ಇಂದು ಕೋಡ್ ಏರಿಸಿದೊಡನೆ ಪರೀಕ್ಷೆ ಓಡಿಸುವ ಸೇವೆಗಳು ಎಲ್ಲರಿಗೂ ಪರಿಚಿತ. ಅವಕ್ಕೂ ಇದಕ್ಕೂ ಒಂದು ಮುಖ್ಯ ಭೇದವಿದೆ: ಅಲ್ಲಿ ಯಾವ ವೇದಿಕೆಯಲ್ಲಿ ಪರೀಕ್ಷಿಸಬೇಕೆಂದು ಆರಿಸುವವರು ಲೇಖಕರೇ. ತಮಗೆ ಹೊಳೆಯದ ವೇದಿಕೆಯನ್ನು ಅವರು ಹೇಗೆ ಆರಿಸಿಯಾರು?

ವರದಿಗೆ ನಾಲ್ಕು ದರ್ಜೆಗಳು. ‘ಪಾಸ್’ ಮತ್ತು ‘ಫೇಲ್’ ಸ್ಪಷ್ಟ. ಈ ವೇದಿಕೆಗೆ ಅಥವಾ ಪರ್ಲ್‌ನ ಈ ಆವೃತ್ತಿಗೆ ಮಾಡ್ಯೂಲ್ ಅನ್ವಯಿಸದಿದ್ದರೆ ‘ಎನ್‌ಎ’, ಫಲಿತ ನಿರ್ಧರಿಸಲಾಗದಿದ್ದರೆ ‘ಅನ್‌ನೋನ್’. ಲೇಖಕರು ತಮ್ಮ ಮೇಕ್‌ಫೈಲ್.ಪಿಎಲ್‌ನಲ್ಲಿ ‘ಓಎಸ್ ಅನ್‌ಸಪೋರ್ಟೆಡ್’ ಎಂಬ ಸಂದೇಶ ಕೊಟ್ಟು ನಿಂತರೆ ಅದು ಸೋಲಾಗಿ ದಾಖಲಾಗದು, ಎನ್‌ಎ ಆಗುತ್ತದೆ. ಬೇಕಾದ ಸಿ ಲೈಬ್ರರಿ ಇಲ್ಲದಿದ್ದರೆ ಮೇಕ್‌ಫೈಲ್ ಬರೆಯದೆ ಸದ್ದಿಲ್ಲದೆ ಹೊರಬಂದರೂ ಫೇಲ್ ವರದಿ ಹೋಗುವುದಿಲ್ಲ. ಲೈಬ್ರರಿ ಇಲ್ಲದ ಯಂತ್ರದಿಂದ ಬರುವ ಸೋಲಿನ ವರದಿಗಳಲ್ಲಿ ನಿಜವಾದ ದೋಷ ಮುಚ್ಚಿಹೋಗಬಾರದೆಂಬ ಕಾರಣಕ್ಕೆ ಬೆಳೆದುಬಂದ ಕಟ್ಟಳೆಗಳಿವು. ಪರೀಕ್ಷಿಸುವ ಯಂತ್ರದ ಮುಂದೆ ಮನುಷ್ಯರಿರುವುದಿಲ್ಲವಾದ್ದರಿಂದ ಸ್ಥಾಪನೆಯ ನಡುವೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಮಾಡ್ಯೂಲ್ ಅಲ್ಲೇ ನೇತಾಡುತ್ತದೆ. ಅದಕ್ಕೆಂದೇ, ಈಗ ನೋಡುವವರಿಲ್ಲ ಎಂದು ತಿಳಿಸುವ ಪರಿಸರ ಚರಗಳೂ ರೂಢಿಗೆ ಬಂದವು.

ಪ್ರತಿ ವರದಿಯಲ್ಲೂ ಪರ್ಲ್‌ನ ಪೂರ್ಣ ವಿನ್ಯಾಸ, ಪರಿಸರ ಚರಗಳು, ಅವಲಂಬನೆಗಳ ಆವೃತ್ತಿಗಳು ಇರುತ್ತವೆ. 2010ರವರೆಗೆ ಇವು ಇಮೇಲ್ ಮೂಲಕ ಹೋಗುತ್ತಿದ್ದವು. ಹರಿವು ಹೆಚ್ಚಿದಂತೆ ಜಾಲದ ಮೂಲಕ ನೇರವಾಗಿ ದತ್ತಸಂಚಯಕ್ಕೆ ಹೋಗತೊಡಗಿದವು. ವರದಿಗಳು ಕೋಟಿಗಟ್ಟಲೆ ಸೇರಿದ ಮೇಲೆ ಅವುಗಳ ಮೇಲೆ ಬೇರೆ ಉಪಕರಣಗಳು ಹುಟ್ಟಿದವು. ಸ್ಲಾವೆನ್ ರೆಝಿಚ್ ರೂಪಿಸಿದ ಮ್ಯಾಟ್ರಿಕ್ಸ್ ಪುಟ ಒಂದು ಮಾಡ್ಯೂಲ್ ಯಾವ ವೇದಿಕೆಯಲ್ಲಿ, ಯಾವ ಪರ್ಲ್‌ನಲ್ಲಿ ಗೆದ್ದಿತು, ಸೋತಿತು ಎಂಬುದನ್ನು ಹಸಿರು ಕೆಂಪು ಚೌಕಗಳಲ್ಲಿ ತೋರಿಸುತ್ತದೆ. ಆಂಡ್ರಿಯಾಸ್ ಕೋನಿಗ್ ಅವರ ವಿಶ್ಲೇಷಣಾ ಉಪಕರಣ ಗೆಲುವು ಸೋಲುಗಳನ್ನು ಪ್ರತಿ ಅವಲಂಬನೆಯ ಆವೃತ್ತಿಯ ಜೊತೆ ತಾಳೆ ನೋಡಿ, ಇಂಥ ಮಾಡ್ಯೂಲಿನ ಇಂಥ ಆವೃತ್ತಿ ಇದ್ದಲ್ಲೆಲ್ಲ ಸೋಲು ಬಂದಿದೆ ಎಂದು ಬೊಟ್ಟು ಮಾಡುತ್ತದೆ.

ಈ ವರದಿಗಳು ಹೊರಹಾಕುವ ದೋಷಗಳು ಸ್ವಾರಸ್ಯವಾಗಿರುತ್ತವೆ. ಇಲ್ಲದ ಕಡತವನ್ನು ತೆರೆಯಲು ಹೋದಾಗ ಬರುವ ಇಂಗ್ಲಿಷ್ ದೋಷವಾಕ್ಯವನ್ನು ಅಕ್ಷರಶಃ ನಿರೀಕ್ಷಿಸುವ ಪರೀಕ್ಷೆ ಜರ್ಮನ್ ಭಾಷೆಗೆ ಹೊಂದಿಸಿದ ಯಂತ್ರದಲ್ಲಿ ಸೋಲುತ್ತದೆ. ವಾಕ್ಯದ ಬದಲು ದೋಷದ ಸಂಕೇತವನ್ನು ನೋಡಬೇಕಿತ್ತು. ದಶಮಾಂಶ ಲೆಕ್ಕ ಹೆಚ್ಚು ನಿಖರತೆಯ ಪರ್ಲ್‌ನಲ್ಲಿ ಕೊನೆಯ ಅಂಕಿಯಲ್ಲಿ ಬೇರೆಯಾಗುತ್ತದೆ. ಬೈಟುಗಳ ಕ್ರಮ ತಿರುಗುಮುರುಗಾದ ಯಂತ್ರದಲ್ಲಿ ಮಾತ್ರ ಕೆಡುವ ಕಡತ, ಗಡಿಯಾರ ಬೇರೆ ಕಾಲವಲಯದಲ್ಲಿದ್ದಾಗ ಮಾತ್ರ ತಪ್ಪುವ ದಿನಾಂಕ, ಜಾಲಸಂಪರ್ಕ ಇಲ್ಲದಿದ್ದರೆ ಸೋಲುವ ಪರೀಕ್ಷೆ, ಎಲ್ಲವೂ ಇಲ್ಲಿ ಬರುತ್ತವೆ. ಇವು ಲೇಖಕರ ಮೇಜಿನ ಮೇಲಿನ ಯಂತ್ರದಲ್ಲಿ ಎಂದೂ ಕಾಣವು.

ಎಲ್ಲ ಲೇಖಕರೂ ಇದನ್ನು ಕೈಮುಗಿದು ಸ್ವಾಗತಿಸಲಿಲ್ಲ. ಕೇಳದೆ ಬರುವ ಸೋಲಿನ ವರದಿಗಳು ಕಿರಿಕಿರಿ ಎಂದವರಿದ್ದರು, ಕೆಟ್ಟ ಸ್ಥಿತಿಯ ಯಂತ್ರಗಳಿಂದ ಬಂದ ಸುಳ್ಳು ವರದಿಗಳನ್ನು ತೋರಿಸಿ ಸಿಟ್ಟಾದವರಿದ್ದರು. ದೂರಿನಲ್ಲಿ ಸತ್ಯವಿತ್ತು. ಆದರೂ ಒಂದು ಭಾಷೆಯ ಸಮಸ್ತ ಮಾಡ್ಯೂಲುಗಳ ಆರೋಗ್ಯದ ದಾಖಲೆ ಹೀಗೆ ದಶಕಗಳ ಕಾಲ ಬಹಿರಂಗವಾಗಿ ಉಳಿದುಬಂದ ಉದಾಹರಣೆ ವಿರಳ.

ಭಾಷೆಯೇ ಬದಲಾದಾಗ

ಕಾರ್ಯಾಚರಣಾ ವ್ಯವಸ್ಥೆ ಹಾಗೆಯೇ ಇದ್ದು ಭಾಷೆಯ ಹೊಸ ಆವೃತ್ತಿ ಬಂದಾಗಲೂ ಸ್ಥಾಪನೆ ಕೆಡುತ್ತದೆ. 2013ರ ಪರ್ಲ್ 5.18ರಲ್ಲಿ ಹ್ಯಾಶ್‌ನ ಕೀಲಿಗಳ ಕ್ರಮವನ್ನು ಪ್ರತಿ ಓಟಕ್ಕೂ ಬೇರೆಯಾಗುವಂತೆ ಮಾಡಲಾಯಿತು. ದಾಳಿಕೋರರು ಕ್ರಮವನ್ನು ಊಹಿಸಿ ಸರ್ವರನ್ನು ನಿಧಾನಗೊಳಿಸದಿರಲಿ ಎಂಬುದು ಉದ್ದೇಶ. ಕ್ರಮ ನಿಶ್ಚಿತವಲ್ಲ ಎಂದು ಪರ್ಲ್ ಮೊದಲಿಂದ ಹೇಳುತ್ತಲೇ ಬಂದಿದ್ದರೂ, ಅನೇಕ ಪರೀಕ್ಷೆಗಳು ಗೊತ್ತಿಲ್ಲದೆಯೇ ಅದನ್ನು ನೆಚ್ಚಿಕೊಂಡಿದ್ದವು. ಅವು ಒಮ್ಮೆ ಗೆದ್ದು ಒಮ್ಮೆ ಸೋಲತೊಡಗಿದವು.

2017ರ 5.26ರದು ಇನ್ನೂ ದೊಡ್ಡ ಪೆಟ್ಟು. ಅದುವರೆಗೆ ಪರ್ಲ್ ಮಾಡ್ಯೂಲ್ ಹುಡುಕುವ ಜಾಗಗಳ ಪಟ್ಟಿಯ ಕೊನೆಯಲ್ಲಿ ‘ಸದ್ಯ ಇರುವ ಕೋಶ’ವೂ ಸೇರಿತ್ತು. ಎಲ್ಲರೂ ಬರೆಯಬಹುದಾದ ಕೋಶದಲ್ಲಿ ನಿಂತು ಪ್ರೋಗ್ರಾಂ ಓಡಿಸಿದರೆ ಬೇರೆಯವರು ಅಲ್ಲಿಟ್ಟ ದುಷ್ಟ ಮಾಡ್ಯೂಲ್ ಒಳಬರುವ ಅಪಾಯವಿತ್ತು, ಹಾಗಾಗಿ ತೆಗೆದರು. ಆದರೆ ಬಹಳಷ್ಟು ಮಾಡ್ಯೂಲುಗಳು ಸ್ಥಾಪನೆಗೆ ಬೇಕಾದ ಸಹಾಯಕ ಸಂಕೇತವನ್ನು ತಮ್ಮದೇ ಕಟ್ಟಿನ ‘ಇಂಕ್’ ಕೋಶದಲ್ಲಿಟ್ಟು, ಸದ್ಯದ ಕೋಶದ ಮೂಲಕವೇ ತಲುಪುತ್ತಿದ್ದವು. ಮಾಡ್ಯೂಲಿನಲ್ಲಿ ಒಂದಕ್ಷರವೂ ಬದಲಾಗದೆ ಅವುಗಳ ಸ್ಥಾಪನೆ ನಿಂತಿತು. ಸಿಪ್ಯಾನ್ ಸ್ಥಾಪಕಗಳು ಕಟ್ಟುವ ಹೊತ್ತಿಗೆ ಮಾತ್ರ ಹಳೆಯ ನಡತೆಯನ್ನು ಮರಳಿಸುವ ಒಂದು ಪರಿಸರ ಚರವನ್ನು ಹಾಕಿ ದಾಟಿಸಿದವು. ಹೊಸ ಪರ್ಲ್ ಇನ್ನೂ ತಯಾರಿಯಲ್ಲಿರುವಾಗಲೇ ಅದರ ಮೇಲೆ ಸಿಪ್ಯಾನ್‌ನ ಮಾಡ್ಯೂಲುಗಳನ್ನು ಓಡಿಸಿ ನೋಡುವ ಪರೀಕ್ಷಕರಿದ್ದುದರಿಂದ ಎಷ್ಟು ಮುರಿಯುತ್ತದೆಂದು ಬಿಡುಗಡೆಗೆ ಮುಂಚೆಯೇ ಗೊತ್ತಿತ್ತು.

ಪೈಥಾನ್: ಕಟ್ಟಿ ಕೊಡುವ ದಾರಿ

ಪೈಥಾನ್ ಆರಂಭದಲ್ಲಿ ಪರ್ಲ್‌ನ ಹಾದಿಯಲ್ಲೇ ನಡೆಯಿತು. 2000ದಲ್ಲಿ ಗ್ರೆಗ್ ವಾರ್ಡ್ ಅವರ ಡಿಸ್ಟ್‌ಯುಟಿಲ್ಸ್, 2003ರಲ್ಲಿ ಪೈಪಿಐ ಭಂಡಾರ, 2008ರಲ್ಲಿ ಇಯಾನ್ ಬಿಕಿಂಗ್ ಅವರ ಪಿಪ್ ಬಂದವು. ಆದರೆ ವಿಜ್ಞಾನಿಗಳು ನಂಪೈ, ಸೈಪೈ ಎಂಬ ವೈಜ್ಞಾನಿಕ ಲೆಕ್ಕದ ಮಾಡ್ಯೂಲುಗಳಿಗಾಗಿ ದೊಡ್ಡ ಸಂಖ್ಯೆಯಲ್ಲಿ ಬಂದಾಗ ವಿಂಡೋಸ್‌ನಲ್ಲಿ ಸಿ ಮತ್ತು ಫೋರ್ಟ್ರಾನ್ ಕಂಪೈಲರ್ ಹುಡುಕುವುದು ಅವರಿಂದ ಆಗದ ಮಾತಾಯಿತು. ಪೈಥಾನ್ 2.7 ಕಟ್ಟಿದ್ದು 2008ರ ವಿಷುಯಲ್ ಸಿ ಪ್ಲಸ್ ಪ್ಲಸ್‌ನಲ್ಲಿ, ಮಾಡ್ಯೂಲಿಗೂ ಅದೇ ಬೇಕು. ‘ವಿಸಿವಾರ್ಸಾಲ್.ಬ್ಯಾಟ್ ಸಿಗಲಿಲ್ಲ’ ಎಂಬ ದೋಷಸಂದೇಶ ಆ ಕಾಲದ ಎಷ್ಟೋ ವಿದ್ಯಾರ್ಥಿಗಳಿಗೆ ಬಾಯಿಪಾಠ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಕ್ರಿಸ್ಟೋಫ್ ಗೋಲ್ಕೆ ನೂರಾರು ಮಾಡ್ಯೂಲುಗಳನ್ನು ತಾವೇ ಕಟ್ಟಿ ತಮ್ಮ ಪುಟದಲ್ಲಿ ಇಡುತ್ತಿದ್ದರು. ಬಹುಕಾಲ ವಿಂಡೋಸ್‌ನ ವೈಜ್ಞಾನಿಕ ಪೈಥಾನ್ ಒಬ್ಬ ವ್ಯಕ್ತಿಯ ಔದಾರ್ಯದ ಮೇಲೆ ನಿಂತಿತ್ತೆಂದರೆ ಅತಿಶಯೋಕ್ತಿಯಲ್ಲ.

ಡೇನಿಯಲ್ ಹೋಲ್ತ್ ರೂಪಿಸಿದ ‘ವೀಲ್’ ಎಂಬ ಕಟ್ಟು ಇದನ್ನು ಬದಲಿಸಿತು. ಅದು ಮೊದಲೇ ಕಟ್ಟಿಟ್ಟ ಪ್ರತಿ. ಯಾವ ಪೈಥಾನ್‌ಗೆ, ಯಾವ ವೇದಿಕೆಗೆ ಎಂಬುದು ಕಡತದ ಹೆಸರಿನಲ್ಲೇ ಇರುತ್ತದೆ. ಪಿಪ್ ತನಗೆ ಹೊಂದುವುದನ್ನು ಆರಿಸಿಕೊಂಡು ಬಿಚ್ಚಿಡುತ್ತದೆ, ಲೇಖಕರ ಸಂಕೇತವನ್ನು ಸ್ಥಾಪನೆಯ ಹೊತ್ತಿಗೆ ಓಡಿಸುವುದೇ ಇಲ್ಲ. ವಿಂಡೋಸ್ ಮತ್ತು ಮ್ಯಾಕ್‌ಗಳಿಗೆ ಇದು ಸುಲಭವಾಗಿ ಹೊಂದಿತು. ಲಿನಕ್ಸ್ ಕಷ್ಟವಾಯಿತು, ಏಕೆಂದರೆ ಒಂದೊಂದು ವಿತರಣೆಯಲ್ಲೂ ಗ್ಲಿಬ್‌ಸಿ ಎಂಬ ಮೂಲ ಲೈಬ್ರರಿಯ ಆವೃತ್ತಿ ಬೇರೆ. 2016ರ ‘ಮೆನಿಲಿನಕ್ಸ್ 1’ ನಿಯಮ ಇದಕ್ಕೆ ಕೊಟ್ಟ ಉತ್ತರ ಮುದುಕರ ಬುದ್ಧಿಯದು: ಅತಿ ಹಳೆಯ ವ್ಯವಸ್ಥೆಯಲ್ಲಿ ಕಟ್ಟಿ, ಹೊಸದರಲ್ಲೆಲ್ಲ ಓಡುತ್ತದೆ. ಆಗ ಆರಿಸಿದ್ದು ಸೆಂಟ್‌ಓಎಸ್ 5, ಅದರ ಗ್ಲಿಬ್‌ಸಿ 2.5. ನಂತರ ಸೆಂಟ್‌ಓಎಸ್ 6, ಆಮೇಲೆ 7 ಬಂದು, ಕೊನೆಗೆ ಗ್ಲಿಬ್‌ಸಿಯ ಆವೃತ್ತಿಯನ್ನೇ ಹೆಸರಿನಲ್ಲಿ ಬರೆಯುವ ಕ್ರಮ ನಿಂತಿತು. ಗ್ಲಿಬ್‌ಸಿಯಂಥ ಕೆಲವನ್ನು ಬಿಟ್ಟು ಬೇರೆ ಲೈಬ್ರರಿಗಳನ್ನೆಲ್ಲ ವೀಲ್‌ನೊಳಗೇ ತುಂಬಬೇಕು. ಇದರ ಬೆಲೆಯೂ ಇದೆ: ಓಪನ್‌ಎಸ್‌ಎಸ್‌ಎಲ್‌ನಲ್ಲಿ ಸುರಕ್ಷತಾ ದೋಷ ಸಿಕ್ಕರೆ ವ್ಯವಸ್ಥೆಯ ಪ್ರತಿ ಸರಿಮಾಡಿದರೆ ಸಾಲದು, ಅದನ್ನು ಒಳಗಿಟ್ಟುಕೊಂಡ ಪ್ರತಿ ವೀಲೂ ಹೊಸದಾಗಬೇಕು.

ವೀಲ್ ಇಲ್ಲದ ಕಡೆ ಏನಾಗುತ್ತದೆ ಎಂಬುದು 2021ರ ಫೆಬ್ರವರಿಯಲ್ಲಿ ಕಂಡಿತು. ‘ಕ್ರಿಪ್ಟೋಗ್ರಫಿ’ ಎಂಬ ವ್ಯಾಪಕ ಬಳಕೆಯ ಮಾಡ್ಯೂಲ್ ತನ್ನ 3.4ನೇ ಆವೃತ್ತಿಯಲ್ಲಿ ರಸ್ಟ್ ಭಾಷೆಯ ಭಾಗವನ್ನು ಸೇರಿಸಿತು. ವೀಲ್ ಸಿಕ್ಕವರಿಗೆ ಏನೂ ತಿಳಿಯಲಿಲ್ಲ. ಗ್ಲಿಬ್‌ಸಿ ಬದಲು ಮಸಲ್ ಲೈಬ್ರರಿ ಬಳಸುವ ಆಲ್ಪೈನ್ ಲಿನಕ್ಸ್‌ಗೆ ಆಗ ವೀಲ್ ಹಂಚುವ ಕ್ರಮವೇ ಇರಲಿಲ್ಲ. ಅಲ್ಲಿ ಆಕರದಿಂದಲೇ ಕಟ್ಟಬೇಕು, ರಸ್ಟ್ ಕಂಪೈಲರ್ ಇಲ್ಲ. ಕಂಟೇನರ್‌ಗಳಲ್ಲಿ ಆಲ್ಪೈನ್ ಜನಪ್ರಿಯವಾದ್ದರಿಂದ ಹಲವರ ಸ್ವಯಂಚಾಲಿತ ಕಟ್ಟುವಿಕೆ ಬೆಳಗಾಗುವುದರೊಳಗೆ ನಿಂತಿತ್ತು. ಅದೇ ವರ್ಷ ‘ಮಸಲ್‌ಲಿನಕ್ಸ್’ ನಿಯಮ ಅಂಗೀಕಾರವಾಯಿತು.

ಆಕರದಿಂದ ಕಟ್ಟಲೇಬೇಕಾದಲ್ಲಿ ಏನೇನು ಬೇಕೆಂದು ಮೊದಲೇ ಹೇಳುವ ‘ಪೈಪ್ರಾಜೆಕ್ಟ್.ಟಾಮ್ಲ್’ ಕಡತದ ನಿಯಮ 2016ರದು. ಪರ್ಲ್‌ನ ಕಾನ್ಫಿಗರ್ ರಿಕ್ವೈರ್ಸ್ ಬಿಡಿಸಿದ ಕಗ್ಗಂಟನ್ನೇ ಇದು ಇಲ್ಲಿ ಬಿಡಿಸಿತು. ಹಳೆಯ ಡಿಸ್ಟ್‌ಯುಟಿಲ್ಸ್ 2023ರ ಅಕ್ಟೋಬರಿನ ಪೈಥಾನ್ 3.12ರಲ್ಲಿ ಇಲ್ಲವಾಯಿತು.

ಇತರ ಮಾದರಿಗಳು

ಸಂಖ್ಯಾಶಾಸ್ತ್ರದ ಆರ್ ಭಾಷೆಯ ಕ್ರ್ಯಾನ್ ಭಂಡಾರ 1997ರಲ್ಲಿ ವಿಯೆನ್ನಾದಲ್ಲಿ ಶುರುವಾಯಿತು. ಅಲ್ಲಿನ ಆಡಳಿತ ಬಿಗಿ. ಒಂದು ನಿಗದಿತ ಪರೀಕ್ಷೆ ದಾಟದ ಪ್ಯಾಕೇಜ್ ಒಳಗೆ ಬರುವುದೇ ಇಲ್ಲ, ಪ್ರಮುಖ ವೇದಿಕೆಗಳಲ್ಲಿ ಕನಿಷ್ಠ ಎರಡರಲ್ಲಾದರೂ ಓಡಬೇಕೆಂಬುದು ಸಾಮಾನ್ಯ ನಿಯಮ. ವಿಂಡೋಸ್, ಮ್ಯಾಕ್‌ಗಳ ಸಿದ್ಧ ಪ್ರತಿಯನ್ನು ಕ್ರ್ಯಾನ್‌ನವರೇ ಕಟ್ಟುತ್ತಾರೆ. ನಿಮ್ಮ ಹೊಸ ಆವೃತ್ತಿಯಿಂದ ಅದನ್ನು ಅವಲಂಬಿಸಿದ ಬೇರೆಯವರ ಪ್ಯಾಕೇಜ್ ಮುರಿದರೆ ಅದಕ್ಕೂ ನೀವೇ ಉತ್ತರ ಕೊಡಬೇಕು. ಲೇಖಕರಿಗೆ ಗೊಣಗಲು ಕಾರಣಗಳು ಬಹಳ, ಬಳಕೆದಾರರಿಗೆ ಕಡಿಮೆ. 2012ರಲ್ಲಿ ಬಂದ ಕೊಂಡಾ ಪೈಥಾನಿನ ಜೊತೆಗೆ ಸಿ, ಫೋರ್ಟ್ರಾನ್ ಲೈಬ್ರರಿಗಳನ್ನೂ ತಾನೇ ಪೂರೈಸಿ ವಿಜ್ಞಾನಿಗಳ ಮೆಚ್ಚುಗೆ ಗಳಿಸಿತು. ಎಲ್ಕೋ ಡೋಲ್‌ಸ್ಟ್ರಾ ಆರಂಭಿಸಿದ ನಿಕ್ಸ್ ಪ್ರತಿ ಪ್ಯಾಕೇಜನ್ನೂ ಅದರ ಎಲ್ಲ ಅವಲಂಬನೆಗಳ ಹ್ಯಾಶ್ ಹೊತ್ತ ಪ್ರತ್ಯೇಕ ಹಾದಿಯಲ್ಲಿ ಇಡುತ್ತದೆ. 2013ರ ಡಾಕರ್ ಇಡೀ ಕಡತವ್ಯವಸ್ಥೆಯನ್ನೇ ಕಟ್ಟಿ ಹಂಚುವುದನ್ನು ಸುಲಭ ಮಾಡಿತು. ಬಹುವೇದಿಕೆಯ ಪ್ರಶ್ನೆಯನ್ನು ಡಾಕರ್ ಬಿಡಿಸಿತು ಎನ್ನುವುದಕ್ಕಿಂತ, ಎಲ್ಲರೂ ಲಿನಕ್ಸ್‌ನಲ್ಲೇ ಓಡಿಸಿ ಎಂದು ಪ್ರಶ್ನೆಯನ್ನೇ ಬದಲಿಸಿತು ಎನ್ನಬೇಕು.

ವ್ಯವಸ್ಥೆಯ ಪ್ರತಿ, ಬಳಕೆದಾರರ ಪ್ರತಿ

ಲಿನಕ್ಸ್ ವಿತರಣೆಗಳೂ ಮ್ಯಾಕ್ ಕೂಡ ತಮ್ಮ ಒಳಗೆಲಸಕ್ಕಾಗಿ ಪರ್ಲ್ ಅಥವಾ ಪೈಥಾನ್ ಇಟ್ಟುಕೊಂಡಿರುತ್ತವೆ. ಅದರೊಳಗೇ ಹೊಸ ಮಾಡ್ಯೂಲ್ ತುರುಕಿದರೆ ವ್ಯವಸ್ಥೆಯ ಉಪಕರಣಗಳು ಕೆಡುವ ಅಪಾಯವಿದೆ. ಪರ್ಲ್‌ನಲ್ಲಿ ಇದಕ್ಕೆ ಎರಡು ದಾರಿ: ‘ಲೋಕಲ್ ಲಿಬ್’ ಮೂಲಕ ಮನೆಕೋಶದಲ್ಲೇ ಪ್ರತ್ಯೇಕ ಜಾಗ ಮಾಡಿಕೊಳ್ಳುವುದು, ಇಲ್ಲವೇ ‘ಪರ್ಲ್‌ಬ್ರೂ’ ಬಳಸಿ ಬೇರೆಯದೇ ಪರ್ಲ್ ಕಟ್ಟಿಕೊಳ್ಳುವುದು. ಪೈಥಾನಿನಲ್ಲಿ ಪ್ರತಿ ಯೋಜನೆಗೂ ಒಂದು ವರ್ಚುವಲ್ ಪರಿಸರ ಮಾಡುವುದು ವಾಡಿಕೆ. 2023ರಲ್ಲಿ ಬಿಡುಗಡೆಯಾದ ಡೆಬಿಯನ್ 12ರಿಂದ, ಈ ಪೈಥಾನ್ ಹೊರಗಿನವರ ನಿರ್ವಹಣೆಯಲ್ಲಿದೆ ಎಂಬ ಸಂದೇಶ ಕೊಟ್ಟು ವ್ಯವಸ್ಥೆಯ ಪ್ರತಿಯೊಳಗೆ ಸ್ಥಾಪಿಸಲು ಪಿಪ್ ನಿರಾಕರಿಸುತ್ತದೆ. ಆ್ಯಪಲ್ 2019ರ ಕ್ಯಾಟಲೀನಾ ಬಿಡುಗಡೆಯ ಟಿಪ್ಪಣಿಯಲ್ಲೇ ಮುಂದಿನ ಆವೃತ್ತಿಗಳಲ್ಲಿ ಈ ಭಾಷೆಗಳು ಜೊತೆಗೆ ಬರುವುದಿಲ್ಲವೆಂದು ತಿಳಿಸಿತ್ತು. 2022ರ ಮಾರ್ಚಿನ ಮ್ಯಾಕ್‌ಓಎಸ್ 12.3ರಲ್ಲಿ ಪೈಥಾನ್ 2.7 ಹೋಯಿತು, ಪರ್ಲ್ ಅಲ್ಲಿ ಉಳಿದುಕೊಂಡಿತು.